ಬಂದರಿನ ಮನೆಯ ಗಂಜಿ

ಮದುವೆಯಾಗಿ ಹಾಸನಕ್ಕೆ ಬಂದ ಮೇಲೆ ನಾನು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿದೆ. ಒಡಕು ಬೀಜ, ಕರಿ ಬೀಜ ತೆಗೆದು ನಾವು ಹಸನು ಮಾಡಿದ ಕಾಫಿಯನ್ನು ಮೂಟೆ ಕಟ್ಟುತ್ತಿದ್ದರು. ನಮ್ಮ ಯಜಮಾನರು ಲಾರಿ ಡ್ರೈವರ್. ಆ ಮೂಟೆಗಳನ್ನು ಘಾಟಿ ಇಳಿಸಿ ಮಂಗಳೂರು ಬಂದರಿಗೆ ಮುಟ್ಟಿಸಿ, ಬರುವಾಗ ಹೆಂಚನ್ನೋ ಉಪ್ಪನ್ನೋ ತುಂಬಿಕೊಂಡು ಬರುತ್ತಿದ್ದರು.

ಅರವತ್ತರ ದಶಕದ ಆರಂಭದ ಒಂದು ಬೇಸಿಗೆ. ಲಾರಿ ವಾಪಸು ಬಂತು, ಅವರು ಬರಲಿಲ್ಲ. ಲಾರಿ ತಂದ ಇನ್ನೊಬ್ಬ ಡ್ರೈವರ್ ಬಾಗಿಲಲ್ಲೇ ನಿಂತು, "ಅಣ್ಣಂಗೆ ಜ್ವರ ಕಣಕ್ಕಾ, ಏಳಕ್ಕೇ ಆಗ್ತಿಲ್ಲ. ದೋಣಿಯೋರ ಮನೇಲಿ ಮಲಗ್ಸವ್ರೆ, ಎದ್ರುಬ್ಯಾಡಿ" ಅಂದ.

ಮರುದಿನ ಬಸ್ಸು ಹತ್ತಿದೆ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಾ, ಅಳುತ್ತಾ ಮಂಗಳೂರು ಸೇರಿದೆ. ಬಂದರಿನ ಹಿಂದಿನ ಓಣಿಯಲ್ಲಿ, ಚಿಕ್ಕದೊಂದು ಮನೆಯ ಜಗಲಿಯ ಮೇಲೆ ಅವರು ಮಲಗಿದ್ದರು. ಮೂಟೆ ಇಳಿಸುವಾಗ ಕುಸಿದವರನ್ನು ಅಲ್ಲಿದ್ದ ದೋಣಿಯವನೊಬ್ಬ ತನ್ನ ಮನೆಗೆ ಹೊತ್ತು ತಂದು, ಡಾಕ್ಟರನ್ನು ಕರೆಸಿದ್ದನಂತೆ. ನಾವು ಮೀನು ತಿನ್ನದವರೆಂದು ತಿಳಿದು ಅವನ ತಾಯಿ ಹೊಸ ಮಡಿಕೆ ತಂದು, ಅದರಲ್ಲೇ ಗಂಜಿ ಕಾಯಿಸುತ್ತಿದ್ದರು. ಆಕೆಗೆ ತುಳು ಮಾತ್ರ ಬರುತ್ತಿತ್ತು. ನನ್ನನ್ನು ಕಂಡವರೇ ಕೈಹಿಡಿದು ಕೂರಿಸಿ, ಮೊದಲು ನನಗೇ ಒಂದು ಬಟ್ಟಲು ಗಂಜಿ ಕೊಟ್ಟರು.

ಜ್ವರ ಇಳಿಯುವವರೆಗೂ ಅಲ್ಲೇ ಉಳಿದೆ. ಹೊಳೆನರಸೀಪುರದವಳಾದ ನಾನು ಹೇಮಾವತಿಯ ಹರಿಗೋಲು ಕಂಡವಳೇ ಹೊರತು ಕಡಲು ಕಂಡವಳಲ್ಲ. ಆಗ ದೊಡ್ಡ ಹಡಗುಗಳು ದಡಕ್ಕೆ ಬರುತ್ತಿರಲಿಲ್ಲ, ದೂರದ ಆಳದಲ್ಲಿ ನಿಲ್ಲುತ್ತಿದ್ದವು. ದೋಣಿಯವರು ನದಿಯ ದಡದಲ್ಲಿ ಮೂಟೆ ತುಂಬಿಕೊಂಡು, ನದಿ ಕಡಲು ಸೇರುವ ಅಳಿವೆ ದಾಟಿ ಹಡಗಿಗೆ ಮುಟ್ಟಿಸಬೇಕು. ನಮ್ಮ ಹೆಂಗಸರು ಬೆನ್ನು ಬಗ್ಗಿಸಿ ಆರಿಸಿದ ಬೀಜ ಅಲೆಗಳ ಮೇಲೆ ಏರಿಳಿಯುತ್ತಾ ಹೋಗುವುದನ್ನು ನೋಡಿ ನನಗೆ ಹೆಮ್ಮೆಯೂ ಆಯಿತು, ದೋಣಿ ಮಗುಚೀತೆಂದು ಭಯವೂ ಆಯಿತು.

ಹೊರಡುವ ದಿನ ನಿಮ್ಮ ಋಣ ತೀರಿಸಲಾರೆ ಎಂದು ದೋಣಿಯವನಿಗೆ ಕೈಮುಗಿದೆ.

"ನಿಮ್ಮ ಕಡೆಯ ಕಾಫಿ ಬಂದ್ರೆ ತಾನೇ ನಮ್ಮ ದೋಣಿಗೆ ಕೆಲಸ? ನಾವು ನೀವು ಬೇರೆಯಾ ಅಕ್ಕ?" ಅಂದ ಅವನು.

ನಮ್ಮವರು ಮತ್ತೆ ಎಷ್ಟೋ ವರ್ಷ ಲಾರಿ ಓಡಿಸಿದರು. ಮಳೆಗಾಲದಲ್ಲಿ ಬಂದರು ಮುಚ್ಚಿ ಆ ಮನೆಯವರು ಕೆಲಸವಿಲ್ಲದೆ ಕೂರುತ್ತಾರೆಂದು ತಿಳಿದ ಮೇಲೆ, ಮಳೆ ಹಿಡಿಯುವ ಮೊದಲು ಒಂದು ಮೂಟೆ ರಾಗಿ, ಒಂದು ಮೂಟೆ ಆಲೂಗೆಡ್ಡೆ ತಪ್ಪದೆ ಕಳಿಸುತ್ತಿದ್ದೆ. ಆ ತಾಯಿಗೆ ರಾಗಿ ಮುದ್ದೆ ಮಾತ್ರ ಕಡೆಗೂ ಹಿಡಿಸಲಿಲ್ಲವಂತೆ. ಹಿಟ್ಟನ್ನು ಬೆಲ್ಲ ಹಾಕಿ ಕಾಯಿಸಿ, ಮಣ್ಣಿ ಎಂಬ ಸಿಹಿ ಮಾಡಿ ಮೊಮ್ಮಕ್ಕಳಿಗೆ ತಿನ್ನಿಸುತ್ತಿದ್ದರು.