ಟೇಪು ಅಂಟಿಸಿದ ಮೀಟರು

ಬೆಳಿಗ್ಗೆ ಎದ್ದ ಕೂಡಲೇ ಪಂಪಣ್ಣ ಮಂಚದ ಅಂಚಿನಲ್ಲಿ ಕೂತು ಅಂಗಾಲು ನೋಡಿಕೊಳ್ಳುತ್ತಾನೆ. ಕೈಗನ್ನಡಿಯನ್ನು ನೆಲದ ಮೇಲಿಟ್ಟು ಮೊದಲು ಎಡಗಾಲು, ಆಮೇಲೆ ಬಲಗಾಲು, ಕೊನೆಗೆ ಬೆರಳ ಸಂದಿ. ಸಕ್ಕರೆ ಕಾಯಿಲೆಯ ಡಾಕ್ಟರು ಹೇಳಿಕೊಟ್ಟ ಕ್ರಮ ಅದು. ಒಮ್ಮೆ ಬೂಟಿನೊಳಗೆ ಮೊಳೆಯಿದ್ದದ್ದು ತಿಳಿಯದೆ ಇಡೀ ದಿನ ಅದರ ಮೇಲೇ ನಡೆದಾಡಿದ್ದ. ಕಾಲುಚೀಲ ಕಳಚಿದಾಗಲೇ ರಕ್ತ ಕಂಡದ್ದು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಬೆರಳಿಗಷ್ಟೇ ಜೋಮು ಎಂದು ಹೆಂಡತಿಗೆ ಹೇಳಿದ್ದ. ಅದು ಪಾದ ದಾಟಿ ಮೇಲೆ ಹತ್ತಿದ್ದನ್ನು ಹೇಳಿರಲಿಲ್ಲ. ಹೇಳುವಾಗ ಅಳು ಬರಬಹುದೆಂದು ಮೊದಮೊದಲು ಹೆದರಿದ್ದ. ಈಗ ಆ ಹೆದರಿಕೆಯೂ ಇಲ್ಲ, ಸುಮ್ಮನೆ ಹೇಳಿಲ್ಲ ಅಷ್ಟೆ.

ಪಂಪಣ್ಣ ಎನ್ನುವುದು ಅಡ್ಡಹೆಸರು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಒತ್ತಡದ ಮೀಟರುಗಳ ಮುಂದೆ ಕೂತು, ಗಂಟೆಗೊಮ್ಮೆ ಮುಳ್ಳು ನೋಡಿ ಪುಸ್ತಕದಲ್ಲಿ ಬರೆದವನು. ನಿವೃತ್ತಿಯಾದ ಮೇಲೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಎರಡು ತಿಂಗಳು ಊರೂರು ಸುತ್ತುವುದೆಂದು ಮಾತಾಗಿತ್ತು. ಅದಕ್ಕಾಗಿ ಮೋಟಾರ್‌ಸೈಕಲ್ಲಿಗೆ ಎರಡೂ ಪಕ್ಕ ಪೆಟ್ಟಿಗೆ, ಮುಂದೆ ದೊಡ್ಡ ಗಾಜು, ಹಿಂದೆ ಒರಗುದಿಂಬು ಎಲ್ಲ ಬಂದಿದ್ದವು. ಉಳಿದದ್ದು ಒಂದೇ. ಹಿಂದಿನ ಚಕ್ರಕ್ಕಿದ್ದ, ಗುಂಡಿಯ ಏಟು ತಡೆಯುವ ಸ್ಪ್ರಿಂಗ್ ಶಾಕ್ ತೆಗೆದು ಗಾಳಿಯದ್ದು ಹಾಕಿಸಬೇಕಿತ್ತು.

ಗ್ಯಾರೇಜಿನ ಮೇಸ್ತ್ರಿ ಎರಡು ಬಗೆ ತೋರಿಸಿದ. ಒಂದಕ್ಕೆ ಕೈಪಂಪಿನಿಂದ ಗಾಳಿ ತುಂಬಿ ಬಿಡಬೇಕು. ಭಾರ ಹೆಚ್ಚಾದರೆ ಇಳಿದು ಮತ್ತೆ ತುಂಬಬೇಕು. ಇನ್ನೊಂದಕ್ಕೆ ಸೀಟಿನಡಿ ಗಾಳಿ ತುಂಬುವ ಪುಟ್ಟ ಕಂಪ್ರೆಸರು, ಹ್ಯಾಂಡಲಿನಲ್ಲಿ ಸ್ವಿಚ್ಚು. ಗಾಡಿ ನಿಂತಾಗ ಸ್ವಿಚ್ಚು ಒತ್ತಿದರೆ ಸೀಟು ತಾನಾಗಿ ಕೆಳಗಿಳಿಯುತ್ತದೆ.

"ಎರಡನೇದೇ ಇರಲಿ," ಎಂದ ಪಂಪಣ್ಣ. ಸೀಟು ಇಳಿದರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ, ಗಾಡಿ ವಾಲುವುದಿಲ್ಲ. ಅವನ ಲೆಕ್ಕಾಚಾರವೆಲ್ಲ ಅದೊಂದೇ.

"ಬಾಯಿ ಹೇಳಿದ್ರೆ ಆಗಲ್ಲ, ಬೆನ್ನೂ ಕಾಲೂ ಹೇಳ್ಬೇಕು," ಎಂದ ಮೇಸ್ತ್ರಿ. ಅವನ ಪದ್ಧತಿಯೇ ಹಾಗೆ. ಪರೀಕ್ಷೆಗೆ ಇಟ್ಟಿದ್ದ ಗಾಳಿಯ ಶಾಕನ್ನು ಗಾಡಿಗೆ ಕಟ್ಟಿ, ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಖಕ್ಕೆ ಕಪ್ಪು ಟೇಪು ಅಂಟಿಸಿಬಿಡುತ್ತಾನೆ. ಪ್ರತಿ ಸುತ್ತಿಗೂ ಮೊದಲು ಕಂಪ್ರೆಸರಿನಿಂದ ಬೇರೆ ಬೇರೆ ಅಳತೆಯ ಗಾಳಿ ತುಂಬುತ್ತಾನೆ. ಹಿಂದಿನ ರಸ್ತೆಯ ಗುಂಡಿಗಳಲ್ಲಿ ಓಡಿಸಿ ಬಂದವರು ಅನಿಸಿದ್ದನ್ನು ಹೇಳಬೇಕು.

ಗ್ಯಾರೇಜಿನೊಳಗೆ ಒರಗುದಿಂಬಿನ ಹೊದಿಕೆಗೆ ಬಟ್ಟೆ ಆರಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಏಟು ತಿನ್ನೋದು ನನ್ನ ಸೊಂಟ. ಕೇಳೋದು ಇವರ ಬೆನ್ನನ್ನ. ಚೆನ್ನಾಗಿದೆ ಮೇಸ್ತ್ರಿ ನಿಮ್ಮ ನ್ಯಾಯ!"

"ನಿಮ್ಮ ಸರದಿ ಕೊನೇಲಿದೆ ಅಕ್ಕಾ. ಬಯ್ಯೋಕೆ ಆಗಲೇ ಅವಕಾಶ ಕೊಡ್ತೀನಿ."

ಮೊದಲ ಸುತ್ತು ಮುಗಿಸಿ ಬಂದ ಪಂಪಣ್ಣ, "ಗಾಳಿ ಕಡಿಮೆ," ಎಂದ. ಸರಿಯಾಗಿತ್ತು. ಎರಡನೆಯದಕ್ಕೆ, "ಹೆಚ್ಚಾಯ್ತು." ಅದೂ ಸರಿ.

"ಬೆನ್ನಲ್ಲೇ ಮೀಟರ್ ಇಟ್ಕೊಂಡಿದೀಯಲ್ಲಣ್ಣ!" ಮೇಸ್ತ್ರಿ ಬೆರಗಾದ.

ಬೆನ್ನಿನದೇನೂ ಇರಲಿಲ್ಲ. ಕಂಪ್ರೆಸರು ಎಷ್ಟು ಹೊತ್ತು ಗುಯ್‌ಗುಟ್ಟಿತೆಂದು ಪಂಪಣ್ಣ ಮನಸ್ಸಿನಲ್ಲೇ ಎಣಿಸಿದ್ದ. ಅಷ್ಟು ವರ್ಷ ಪಂಪಿನ ಸದ್ದು ಕೇಳಿದ ಕಿವಿ. ಆ ಕಿವಿಯೊಂದನ್ನು ದೇವರು ಚೆನ್ನಾಗಿಯೇ ಉಳಿಸಿದ್ದ.

ಮೂರನೆಯ ಸುತ್ತಿನಿಂದ ಬಂದು, "ಇದು ಸರಿ. ಇದನ್ನೇ ಹಾಕು," ಎಂದ. ಮೇಸ್ತ್ರಿ ಮೂಗರಳಿಸಿ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ. ಸುಟ್ಟ ವಾಸನೆ. ಮಗ್ಗಿನಿಂದ ಒಂದಿಷ್ಟು ನೀರು ಚಿಮುಕಿಸಿದ. ಬ್ರೇಕಿನ ಡಿಸ್ಕು ಚುಯ್ ಎಂದು ಹಬೆಯಾಡಿತು.

"ಅಣ್ಣಾ, ದಾರಿಯುದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟಿದ್ಯಾ?"

"ಇಲ್ಲಪ್ಪ."

"ಮತ್ತೆ ಇದು?"

ಪಂಪಣ್ಣ ತನ್ನ ಬಲಗಾಲನ್ನು ನೋಡಿದ. ಅದು ಬೇರೆ ಯಾರೋ ಬಿಟ್ಟುಹೋದ ಬೂಟಿನ ಹಾಗೆ ಅಲ್ಲಿತ್ತು. ನಾಚಿಕೆಯಾಗಬೇಕಿತ್ತು, ದುಃಖವಾದರೂ ಆಗಬೇಕಿತ್ತು. ಏನೂ ಆಗಲಿಲ್ಲ.

"ಗೊತ್ತಾಗಲ್ಲ," ಎಂದ. "ಎರಡು ಕಾಲೂ. ವರ್ಷವಾಯ್ತು."

ಮೇಸ್ತ್ರಿ ಪಂಪಣ್ಣನ ಹೆಂಡತಿಯ ಕಡೆ ಒಮ್ಮೆ ತಿರುಗಿ ನೋಡಿದ. ಆಕೆ ಒಳಗೆ ಬೆಳಕಿಗೆ ಹಿಡಿದು ಎರಡು ಕಂದು ಬಣ್ಣ ಹೋಲಿಸುತ್ತಿದ್ದಳು. ಅವನು ದನಿ ತಗ್ಗಿಸಿದ.

"ಅಕ್ಕಂಗೆ ನಾನು ಹೇಳಲ್ಲ. ಹಿಂದಿನ ಬ್ರೇಕನ್ನ ಹ್ಯಾಂಡಲ್‌ಗೇ ತಂದು, ಹೆಬ್ಬೆರಳಲ್ಲಿ ಒತ್ತೋ ಹಾಗೆ ಮಾಡ್ಕೊಡ್ತೀನಿ. ನನ್ನ ಕೂಲೀನೂ ಬೇಡ. ನೀನು ಇಷ್ಟು ದಿನ ಕಾದಿದೀಯ, ಹೋಗಿ ಬಾ."

ಪಂಪಣ್ಣ ಲೆಕ್ಕ ಹಾಕಿದ. ಬ್ರೇಕು ಕೈಗೆ ಬಂದರೂ ಗೇರು ಎಡಗಾಲಿನಲ್ಲಿ. ಗಾಡಿ ನಿಲ್ಲಿಸಿದಾಗ ಪಾದ ಊರಿದ್ದು ನೆಲಕ್ಕೋ ಕಲ್ಲಿಗೋ ಅದೂ ತಿಳಿಯದು. ಸೀಟು ಎಷ್ಟು ಇಳಿದರೂ ಅಷ್ಟೇ.

"ಏನ್ರೀ, ಈ ಬಣ್ಣ ಆಗತ್ತಾ? ಧೂಳು ಕೂತ್ರೂ ಕಾಣಲ್ಲ," ಒಳಗಿನಿಂದ ಹೆಂಡತಿ ಕೂಗಿದಳು.

"ಬಂದೆ," ಎಂದ ಅವನು. ಕೀಲಿಯನ್ನು ಗಾಡಿಯಿಂದ ತೆಗೆದು ಮೇಸ್ತ್ರಿಯ ಅಂಗೈಯಲ್ಲಿಟ್ಟ.

"ಬೇಡ ಮೇಸ್ತ್ರಿ. ನಾನಿನ್ನು ಗಾಡಿ ಓಡಿಸಲ್ಲ. ಹಿಂದೆ ಕೂರೋಳು ಅವಳು."