ಊಟದ ನಂತರ ರಾಜನ ಮರಣ

ಸಾರಿಗೆ ಇಂಗಿನ ಒಗ್ಗರಣೆ ಬಿದ್ದಾಗ ಏಳುವ ಘಮಕ್ಕೆ ಮನುಷ್ಯರನ್ನು ಕುರ್ಚಿಗೆ ಕಟ್ಟಿಹಾಕುವ ಶಕ್ತಿಯಿದೆಯೆಂಬುದು ಯಾವ ವಿಶ್ವವಿದ್ಯಾಲಯದ ಪಠ್ಯದಲ್ಲೂ ಇದ್ದಂತಿಲ್ಲ. ಕೋಲ್ಕತ್ತದ ನಮ್ಮ ಕನ್ನಡ ಸಂಘಕ್ಕೆ ಮಾತ್ರ ಇದು ತಿಳಿಯದೆಯೇ ತಿಳಿದಿತ್ತು. ವರ್ಷಕ್ಕೊಮ್ಮೆ ಭಾನುವಾರ ಬೆಳಿಗ್ಗೆ ನಾವು ನಾಟಕವಾಡುತ್ತೇವೆ, ಅದು ಮುಗಿದ ಮೇಲೆಯೇ ಊಟ. ಕೊನೆಯ ಅಂಕದ ಹೊತ್ತಿಗೆ ಅಡುಗೆಯ ಭಟ್ಟರು ರಂಗದ ಹಿಂದೆ ಒಗ್ಗರಣೆ ಹಾಕುತ್ತಾರೆ, ಸಭಿಕರು ಮೂಗರಳಿಸಿ ನೆಟ್ಟಗೆ ಕೂರುತ್ತಾರೆ, ನಟರಾದ ನಾವು ಅದನ್ನು ಕಲಾರಸಿಕತೆಯೆಂದು ಭಾವಿಸಿ ಧನ್ಯರಾಗುತ್ತೇವೆ.

ಈ ಸುಖದ ಅಜ್ಞಾನಕ್ಕೆ ಸಂಚಕಾರ ಬಂದದ್ದು ನನ್ನ ಮಗಳು ಮೇಘನಾ ಮನರಂಜನಾ ಉದ್ಯಮ ನಿರ್ವಹಣೆಯೆಂಬ ಸ್ನಾತಕೋತ್ತರ ಪದವಿಗೆ ಸೇರಿದಾಗ. ನಮ್ಮ ಕಾಲದಲ್ಲಿ ಮನರಂಜನೆಯೆಂದರೆ ಓದು ತಪ್ಪಿಸಿ ಮಾಡುವ ಕೆಲಸ, ಸಿಕ್ಕಿಬಿದ್ದರೆ ಬೆನ್ನಿಗೆ ಬಾಸುಂಡೆ. ಈಗ ಅದನ್ನೇ ಎರಡು ವರ್ಷ, ಹಾಜರಿ ಕೊಟ್ಟು, ನಗದ ಮುಖ ಹೊತ್ತು ಓದಬೇಕು. ಅವಳ ಪುಸ್ತಕವೊಂದನ್ನು ತಿರುವಿ ನೋಡಿದೆ. ಪ್ರೇಕ್ಷಕರು ಯಾಕೆ ಎದ್ದುಹೋಗುತ್ತಾರೆ ಎಂಬುದಕ್ಕೆ ಬಾಣದ ಗುರುತುಗಳ ಚಿತ್ರಸಮೇತ ಇಡೀ ಒಂದು ಅಧ್ಯಾಯವಿತ್ತು, ಆಟವೇ ಕೆಟ್ಟದಾಗಿರಬಹುದೆಂಬ ಸಾಧ್ಯತೆ ಮಾತ್ರ ಎಲ್ಲೂ ಕಾಣಲಿಲ್ಲ.

ಹೋದ ವರ್ಷ ಅವಳ ಪ್ರಾಜೆಕ್ಟು ನಮ್ಮ ನಾಟಕವನ್ನು ನಿರ್ವಹಿಸುವುದೇ ಆಯಿತು. ಸಂಘ ಹಿಗ್ಗಿತು, ನನಗೆ ಒಳಗೊಳಗೇ ಪುಕಪುಕ. ಬಿಬಿಡಿ ಬಾಗ್ ಪ್ರದೇಶದ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕುಳಿತು, ಸಂಘದ ರಂಗದ ಮೇಲೆ ಅಷ್ಟೇ ವರ್ಷ ದ್ವಾರಪಾಲಕನಾಗಿ ನಿಂತ ನನಗೆ ಮೊದಲ ಬಾರಿ ರಾಜನ ಪಾತ್ರ ಸಿಕ್ಕಿತ್ತು. ಕೊನೆಯ ದೃಶ್ಯದಲ್ಲಿ ಒಂದೂವರೆ ಪುಟ ಮಾತಾಡಿ ಸಾಯಬೇಕು. ತುಂಬಿದ ಸಭೆಯೆದುರು ಹಾಗೆ ಸಾಯುವುದೇ ನನ್ನ ಜೀವಮಾನದ ಆಸೆ. ಮೂರು ತಿಂಗಳು ಮನೆಯಲ್ಲಿ, ಮೆಟ್ರೋದಲ್ಲಿ, ಬಚ್ಚಲಲ್ಲಿ ಸತ್ತು ಸತ್ತು ಅಭ್ಯಾಸ ಮಾಡಿದ್ದೆ.

"ಹಸಿದಿದ್ರೆ ಆಡಿಯನ್ಸ್ ಎಂಗೇಜ್ ಆಗುದಿಲ್ಲ ಅಪ್ಪ. ಫಸ್ಟ್ ಊಟ, ಆಮೇಲೆ ನಾಟಕ" ಎಂದಳು ಮೇಘನಾ.

"ಉಂಡ ಮೇಲೆ ಯಾರು ಕೂತ್ಕೊಳ್ತಾರೆ ಮಾರಾಯ್ತಿ?" ಎಂದರು ಭಟ್ಟರು. ಪದವಿಯಿಲ್ಲದವರ ಮಾತು, ಸಮಿತಿ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಮಗಳ ಪರವಾಗಿಯೇ ಕೈಯೆತ್ತಿದೆ. ಓದಿಸುವವನೇ ಅವಳ ವಿದ್ಯೆಯನ್ನು ನಂಬದಿದ್ದರೆ ಹೇಗೆ, ನೀವೇ ಹೇಳಿ.

ಹನ್ನೆರಡಕ್ಕೆ ಎಲೆ ಹಾಕಿದರು. ಸಾರು, ಹುಳಿ, ಪಾಯಸ, ಮೇಲೆ ಮಣ್ಣಿನ ಕುಡಿಕೆಯಲ್ಲಿ ಮಿಷ್ಟಿ ದೋಯಿಯೆಂಬ ಸಿಹಿಮೊಸರು. ಕೈ ತೊಳೆದದ್ದೇ ದಕ್ಷಿಣೇಶ್ವರದವರಿಗೆ ಮೆಟ್ರೋ ನೆನಪಾಯಿತು, ಸೆಕ್ಟರ್ ಫೈವ್‌ನವರು ಕ್ಯಾಬ್ ಕರೆದರು. ಅನ್ನ ತರುವ ಮಧ್ಯಾಹ್ನದ ನಿದ್ದೆಗೆ ಭಾತ್‌ಘೂಮ್ ಎಂದು ಹೆಸರಿಟ್ಟು ಗೌರವಿಸುವ ಊರು ಇದು. ಉಳಿದವರು ಮೊದಲ ಅಂಕದಲ್ಲೇ ಆ ಸಂಸ್ಕೃತಿಗೆ ಶರಣಾದರು.

ಕೊನೆಯ ದೃಶ್ಯದಲ್ಲಿ ಬಾಣ ತಾಗಿ ಬಿದ್ದ ನಾನು ತಲೆಯೆತ್ತಿ ನೋಡಿದರೆ ಸಾಲುಸಾಲು ಖಾಲಿ ಕುರ್ಚಿ, ನಡುವೆ ನಾಲ್ಕೈದು ಗೊರಕೆ. ಬಾಯಿಪಾಠವಾಗಿದ್ದ ಮಾತೆಲ್ಲ ಮರೆತುಹೋಯಿತು. ಇಷ್ಟು ವರ್ಷ ಕಾದದ್ದು ಇದಕ್ಕೋ ಎಂದು ನಿಜಕ್ಕೂ ಅಳು ಬಂತು.

"ಪ್ರಜೆಗಳೇ, ಅಂತ್ಯಕಾಲದಲ್ಲಿ ನನ್ನನ್ನು ತೊರೆದು ಹೋಗದಿರಿ!" ಎಂದು ಕೊನೆಯ ಸಾಲಿನಿಂದ ಯಾರೋ ಕೂಗಿದರು. ನನ್ನದೇ ಮಾತು. ಪ್ರೇಕ್ಷಕರ ಅಭಿಪ್ರಾಯ ಬರೆಸಬೇಕಾಗಿದ್ದ ಖಾಲಿ ಹಾಳೆಗಳನ್ನು ಎದೆಗೊತ್ತಿಕೊಂಡು ಮೇಘನಾ ನಿಂತಿದ್ದಳು. ಇಂಗ್ಲಿಷ್ ಬೆರೆಸದೆ ಒಂದು ಸಾಲು ಕನ್ನಡ ಆಡದ ಹುಡುಗಿ, ಮೂರು ತಿಂಗಳು ಮನೆಯಲ್ಲಿ ನನ್ನ ಸಾವನ್ನು ಕೇಳಿ ಕೇಳಿ, ಒಂದೂವರೆ ಪುಟವನ್ನೂ ತಪ್ಪಿಲ್ಲದೆ ಹೇಳಿಕೊಟ್ಟಳು. ಅವಳು ಹೇಳಿದಂತೆ ಹೇಳುತ್ತಾ ನಾನು ಸತ್ತೆ. ಅಷ್ಟು ಸಂತೋಷದಿಂದ ಸತ್ತ ರಾಜ ಇನ್ನೊಬ್ಬನಿರಲಾರ.

ಅವಳ ಅಧ್ಯಾಪಕರಿಗೆ ಈ ವೈಫಲ್ಯ ಬಹಳ ಹಿಡಿಸಿತಂತೆ. ತರಗತಿಗೇ ಹೆಚ್ಚಿನ ಅಂಕ ಅವಳಿಗೆ, ನನ್ನ ಮರಣ ಈಗ ಅಲ್ಲಿ ಪಾಠ. ಸಮಿತಿ ಭಟ್ಟರ ಕ್ರಮಕ್ಕೆ ಮರಳಿದೆ. ಈ ವರ್ಷವೂ ರಾಜನ ಪಾತ್ರ ನನಗೇ, ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅನುಕಂಪದ ಆಧಾರದ ನೇಮಕ.

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಬಿತ್ತು. ನಾನು ಮೂಗರಳಿಸಿ ತಟ್ಟೆಯೆಡೆಗೆ ಹೊರಟೆ. ಮೇಘನಾ ನಾಟಕದ ಹಾಳೆ ಹಿಡಿದು ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಹೇಳಿದಳು: "ಫಸ್ಟ್ ಸಾಯುದು ಅಪ್ಪ, ಆಮೇಲೆ ಊಟ."