ಗಾಜಿನ ತೊಟ್ಟಿಗೆ ಒಂದು ಮುಷ್ಟಿ ಯೂರಿಯಾ

ನಾನು ಮದುವೆಯಾಗಿ ರಾಯಚೂರಿಗೆ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಡುಮನೆಯ ಕಿಟಕಿಯ ಪಕ್ಕ, ಕಬ್ಬಿಣದ ಚೌಕಟ್ಟಿಗೆ ಗಾಜು ಕೂಡಿಸಿ ಮಾಡಿಸಿದ ಒಂದು ಮೀನಿನ ತೊಟ್ಟಿ ಇತ್ತು. ಮೀನಿನ ತೊಟ್ಟಿ ಎಂಬುದು ಹೆಸರಿಗೆ ಮಾತ್ರ, ಇವರ ಜೀವವೆಲ್ಲ ಅದರೊಳಗಿನ ಗಿಡಗಳ ಮೇಲೆ. ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಗೆ ಹೋಗಿ, ಕೃಷ್ಣೆಯಲ್ಲಿ ಮೊಣಕಾಲುದ್ದ ಇಳಿದು, ಉದ್ದ ಪಟ್ಟಿಯಂಥ ಎಲೆಯ ನೀರುಹುಲ್ಲನ್ನು ಬೇರುಸಹಿತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ. ಮದುವೆಯ ದಿನ ನನ್ನನ್ನು ಕರೆತಂದಾಗ ಅಷ್ಟು ಜೋಪಾನ ಮಾಡಿರಲಿಲ್ಲ.

ಮೊದಲ ಬೇಸಿಗೆಯಲ್ಲೇ ಅವರು ಆರು ವಾರದ ತರಬೇತಿಗೆಂದು ಧಾರವಾಡಕ್ಕೆ ಹೊರಟರು. ಅತ್ತೆಗೆ ಮೈ ಹುಷಾರೆಂದರು. ನನಗೆ ಮಾತ್ರ ತೊಟ್ಟಿ ಹುಷಾರೆಂದರು. ಸಿಟ್ಟು ಬಂತು, ಆದರೂ ಹೂಂ ಎಂದೆ. ಅವರು ಡಿಗ್ರಿ ಓದಿದವರು, ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವರು ಮೊದಲ ಸಲ ನನ್ನ ಕೈಗೆ ಒಪ್ಪಿಸಿದ ಕೆಲಸ ಇದು. ಇದರಲ್ಲಿ ಸೈ ಅನ್ನಿಸಿಕೊಳ್ಳಲೇಬೇಕೆಂಬ ಹಟ ನನಗೂ ಇತ್ತು.

ಎರಡನೇ ವಾರಕ್ಕೆ ಹುಲ್ಲು ಅಲ್ಲಲ್ಲಿ ಹಳದಿಯಾದಂತೆ ಕಂಡಿತು. ನನ್ನ ತವರು ಮಾನ್ವಿಯ ಹತ್ತಿರ. ಕಾಲುವೆ ನೀರು ಬಂದ ಮೇಲೆ ನಮ್ಮಪ್ಪ ಭತ್ತಕ್ಕೆ ಇಳಿದಿದ್ದ. ಆ ಸೀಮೆಯಲ್ಲಿ ಹುಟ್ಟಿದವರಿಗೆ ಪೈರು ಹಳದಿಯಾದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಮಲ್ಲಿಗೆ ಕುಂಡಕ್ಕೆಂದು ತವರಿನಿಂದ ತಂದಿಟ್ಟ ಒಂದು ಡಬ್ಬಿ ಯೂರಿಯಾ ಮನೆಯಲ್ಲಿತ್ತು. ಹೊಲದಲ್ಲಿ ಎರಚುವ ಹಾಗೆಯೇ ಒಂದು ಮುಷ್ಟಿ ಎರಚಿ, ಕೈ ಕೊಡವಿಕೊಂಡು, ಇಷ್ಟಕ್ಕೆ ಡಿಗ್ರಿ ಬೇಕೇನು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಆರು ಮೀನಿನಲ್ಲಿ ಎರಡು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾಲ್ಕು ದಿನಕ್ಕೆ ನೀರು ಪಾಚಿಗಟ್ಟಿ ಪಾಲಕ್ ಸಾರಿನಂತಾಯಿತು. ಅತ್ತೆ ಸದ್ದಿಲ್ಲದೆ ಮೀನುಗಳನ್ನು ಕರಿಬೇವಿನ ಬುಡದಲ್ಲಿ ಮುಚ್ಚಿ, ಮಗನಿಗೆ ಏನೂ ಹೇಳುವುದಿಲ್ಲವೆಂದು ಮಾತು ಕೊಟ್ಟರು. ನಾನು ದಿನಾ ಕೊಡ ಕೊಡ ಬಾವಿ ನೀರು ಬದಲಿಸಿದೆ. ನೀರು ತಿಳಿಯಾಯಿತು, ಉಳಿದ ನಾಲ್ಕು ಮೀನು ಬದುಕಿದವು. ಆದರೆ ಹುಲ್ಲು ಮಾತ್ರ ಚೇತರಿಸಿಕೊಳ್ಳಲಿಲ್ಲ. ಹೊಸದಾಗಿ ಬಂದ ಎಲೆಗಳಂತೂ ಬಿಳಿಚಿಕೊಂಡು ಕಾಗದದಂತಿದ್ದವು. ಗಂಡ ಬರಲು ಮೂರೂವರೆ ವಾರ ಉಳಿದಿತ್ತು. ಅವರು ಬೈಯುವ ಜಾತಿಯಲ್ಲ. ತೊಟ್ಟಿ ನೋಡಿ ಸುಮ್ಮನಾಗಿಬಿಡುತ್ತಾರೆ, ಮತ್ತೆ ನನ್ನ ಕೈಗೆ ಏನನ್ನೂ ಕೊಡುವುದಿಲ್ಲ. ಆ ಹೆದರಿಕೆಗೇ ನನಗೆ ಅನ್ನ ಸೇರುತ್ತಿರಲಿಲ್ಲ.

ಕೊನೆಗೆ ಒಂದು ಗಿಡವನ್ನು ಸ್ಟೀಲ್ ಡಬ್ಬಿಯ ನೀರಿನಲ್ಲಿಟ್ಟು ಮಾನ್ವಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಊಟದ ಡಬ್ಬಿಯೇ ಎಂದು ಕೇಳಿದಳು. ಮುಚ್ಚಳ ತೆಗೆದು ತೋರಿಸಿದ ಮೇಲೆ ಮಾನ್ವಿ ಬರುವವರೆಗೆ ನನ್ನನ್ನು ಮಾತಾಡಿಸಲಿಲ್ಲ.

ಅಪ್ಪ ಗಿಡವನ್ನು ಅಂಗೈಯಲ್ಲಿ ಹರಡಿಕೊಂಡು ಬಿಸಿಲಿಗೆ ಹಿಡಿದ. ನನ್ನ ಯೂರಿಯಾದ ಕತೆ ಕೇಳಿ ಮೀಸೆಯೊಳಗೇ ನಕ್ಕ.

“ಹಳದಿ ಆದದ್ದು ಹಳೇ ಎಲಿನೋ ಹೊಸಾ ಎಲಿನೋ ನೋಡಿದೇನವ್ವಾ?”

ನೋಡಿರಲಿಲ್ಲ. ಹಳೆಯ ಎಲೆಗಳು ಅಂಚಿನವರೆಗೂ ಹಸಿರಾಗಿಯೇ ಇದ್ದವು.

“ಯೂರಿಯಾ ಕಡಿಮಿ ಆದ್ರ ಹಳೇ ಎಲಿ ತಂದನ್ನ ಹೊಸಾದಕ್ಕ ಕೊಟ್ಟು ತಾ ಹಳದಿ ಆಗತದ. ಕಬ್ಬಿಣದ ಅಂಶ ಹಂಗಲ್ಲ, ಹಳೇ ಎಲಿ ಹಿಡಕೊಂಡದ್ದನ್ನ ಬಿಡಂಗಿಲ್ಲ. ಹೊಸಾದು ಉಪಾಸ ಬೀಳತದ. ಇದಕ್ಕ ಅನ್ನಭೇದಿ ಬೇಕು.”

ಭತ್ತದ ಸಸಿ ಮಡಿಗಳು ಬಿಳಿಚಿಕೊಂಡಾಗ ಅಪ್ಪ ಹೊಡೆಯುತ್ತಿದ್ದದ್ದೂ ಅದನ್ನೇ. ಅನ್ನಭೇದಿ ಎಂದರೆ ಕಬ್ಬಿಣದ ಅಂಶವಿರುವ, ತಿಳಿಹಸಿರು ಹರಳಿನ ಉಪ್ಪು. ಅದನ್ನು ಬರೇ ನೀರಿನಲ್ಲಿ ಕದಡಬೇಡ, ನಿಂಬೆರಸ ಹಿಂಡು ಎಂದ. ನಮ್ಮ ಕಡೆಯ ನೀರಿನಲ್ಲಿ ಸುಣ್ಣ ಹೆಚ್ಚು, ನಿಂಬೆಹುಳಿ ಇಲ್ಲದಿದ್ದರೆ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ, ಗಿಡದ ಬಾಯಿಗೆ ಸಿಗುವುದಿಲ್ಲ. ಎಷ್ಟು ಹಾಕಬೇಕೆಂದು ಕೇಳಿದೆ. ಎಕರೆ ಲೆಕ್ಕ ಬಿಟ್ಟು ಬೇರೆ ಲೆಕ್ಕ ಅವನಿಗೆ ಗೊತ್ತಿರಲಿಲ್ಲ.

ರಾಯಚೂರಿಗೆ ಬಂದವಳೇ ಕಿರಾಣಿ ಅಂಗಡಿಯಲ್ಲಿ ಹುಡುಕಿಸಿ ಅನ್ನಭೇದಿ ತಂದು, ನಿಂಬೆರಸ ಹಿಂಡಿದ ನೀರಿನಲ್ಲಿ ಕರಗಿಸಿದೆ. ಮುಷ್ಟಿಯ ಪಾಠ ಆಗಿತ್ತಲ್ಲ, ಈ ಸಲ ಗಂಡನ ಪೆನ್ನಿಗೆ ಮಸಿ ತುಂಬುವ ಫಿಲ್ಲರ್ ಹಿಡಿದೆ. ಎರಡು ದಿನಕ್ಕೊಮ್ಮೆ ಐದೇ ಹನಿ. ಹಾಕಿದ ಮೇಲೆ ಅರ್ಧ ತಾಸು ಮೀನುಗಳ ಮುಂದೆ ಕೂತು, ಉಸಿರಾಡುತ್ತಿವೆಯೇ ಎಂದು ನೋಡುತ್ತಿದ್ದೆ. ಅತ್ತೆಯೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಬಿಳಿಚಿದ ಎಲೆಗಳು ಹಾಗೇ ಉಳಿದವು, ಅವನ್ನು ಚಿವುಟಿ ತೆಗೆದೆ. ಹತ್ತನೇ ದಿನ ಬುಡದಿಂದ ಎದ್ದ ಎಳೆ ಎಲೆ ಹಸಿರಾಗಿತ್ತು. ಅತ್ತೆಯ ಕೈ ಹಿಡಿದು ಎಳೆತಂದು ತೋರಿಸಿದೆ. ಅವರ ಕೈಯೆಲ್ಲ ಜೋಳದ ಹಿಟ್ಟು.

ಗಂಡ ಬಂದ ದಿನ ತೊಟ್ಟಿ ತುಂಬ ಹಸಿರಿತ್ತು. ಚಪ್ಪಲಿಯನ್ನೂ ಬಿಡದೆ ಮುಂದೆ ನಿಂತು, ತಾವು ಹೊರಡುವ ಮುನ್ನ ತಳಕ್ಕೆ ಹಾಕಿದ ಹೊಸ ಮಣ್ಣಿನ ಗುಣವನ್ನು ಅತ್ತೆಗೆ ವಿವರಿಸತೊಡಗಿದರು. ಅತ್ತೆ ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಎಂದರು. ಸುಮ್ಮನಿದ್ದಿದ್ದರೆ ನಾನು ಪಾರು. ಆದರೆ ಆ ಮಣ್ಣಿನ ಹೊಗಳಿಕೆ ಕೇಳಿ ನನ್ನ ಹೊಟ್ಟೆ ಉರಿದುಹೋಯಿತು. ಮಣ್ಣಲ್ಲ, ನಾನು ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಯೂರಿಯಾ, ಎರಡು ಮೀನು, ಅಪ್ಪ, ನಿಂಬೆರಸ ಎಲ್ಲವೂ ಹೊರಬಂತು. ಅತ್ತೆ ಹಣೆ ಹಣೆ ಚಚ್ಚಿಕೊಂಡರು.

ಗಂಡ ಬಗ್ಗಿ ನಾಲ್ಕು ಮೀನು ಎಣಿಸಿದರು. ಹಳೆಯ ಎಲೆ ಯಾವುದು, ಹೊಸ ಎಲೆ ಯಾವುದು ಎಂದು ನನ್ನಿಂದ ತೋರಿಸಿಕೊಂಡರು. ಆಮೇಲೆ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಮುಗಿಯಿತು ಎಂದುಕೊಂಡೆ.

“ಹೊಸಾ ಎಲಿ ನಾ ಹೋಗೂಕಿಂತ ಮೊದಲೇ ಬೆಳ್ಳಗಾಗಾಕತ್ತಿದ್ದವು,” ಎಂದರು. “ಬಿಸಲಿಗೆ ಹಂಗಾಗ್ಯಾವ ಅನ್ಕೊಂಡಿದ್ದೆ. ಪ್ರತಿ ವರ್ಷಾ ಇದನ್ನ ಹುಡುಗರಿಗೆ ಪಾಠ ಮಾಡ್ತೀನಿ, ನನ್ನ ಮನ್ಯಾಗ ನನಗ ಕಾಣಲಿಲ್ಲ.”

ಒಳಗೆ ಹೋಗಿ ಪಾಠದ ಟಿಪ್ಪಣಿಯ ನೋಟ್‌ಬುಕ್ಕು ತಂದು ನೆಲದ ಮೇಲೆ ಕೂತರು. ನನ್ನನ್ನು ಎದುರಿಗೆ ಕೂರಲು ಹೇಳಿದರು. ಅಪ್ಪ ಹೇಳಿದ್ದನ್ನು ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ. ಗಡಿಬಿಡಿಯಲ್ಲಿ ಒಂದರ ಮೇಲೊಂದು ಹೇಳುತ್ತಿದ್ದೆ.

ಅವರು ತಲೆ ಎತ್ತಲಿಲ್ಲ. “ನಿಧಾನ ಹೇಳು,” ಎಂದರು, “ಬರಕೊಳ್ಳಾಕತ್ತೀನಿ.”